ಆಡಿಯೋ ರ‍್ಯಾಕ್‌ಗೆ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ

ಆಡಿಯೋ ರ‍್ಯಾಕ್ ಬಗ್ಗೆ, ಅಂದರೆ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್ ಮುಂತಾದವನ್ನು ಇಡುವ ಹಲಗೆಗಳ ಚೌಕಟ್ಟಿನ ಬಗ್ಗೆ, ಹುಡುಕಿದರೆ ಸಿಗುವುದೆಲ್ಲ ಕಂಪನದ ಮಾತು. ಅಡಿಗೆ ಯಾವ ಸ್ಪೈಕ್ (ಚೂಪು ಲೋಹದ ಕಾಲು) ಹಾಕಿದರೆ ಬಾಸ್ ಬಿಗಿಯಾಗುತ್ತದೆ, ಯಾವ ಮರಕ್ಕೆ ಯಾವ ಸ್ವರ ಎಂಬ ಚರ್ಚೆಗೆ ಕೊನೆಯೇ ಇಲ್ಲ. ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ಈ ಕ್ರಮ ತಿರುಗುಮುರುಗಾಗಬೇಕು. ಇಲ್ಲಿ ರ‍್ಯಾಕನ್ನೂ ಅದರ ಮೇಲಿನ ಸಾಮಾನನ್ನೂ ಕೆಡಿಸುವುದು ಮೊದಲು ತೇವ, ಆಮೇಲೆ ಉಪ್ಪುಗಾಳಿ, ಅದಾದ ಮೇಲೆ ಆಂಪ್ಲಿಫೈಯರಿನ ಬಿಸಿ. ಕಂಪನದ ಸರದಿ ಬರುವುದು ಕೊನೆಗೆ, ಅದೂ ರೆಕಾರ್ಡ್ ತಿರುಗಿಸುವ ಟರ್ನ್‌ಟೇಬಲ್ ಇದ್ದವರಿಗೆ ಮಾತ್ರ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಇಂಟರ್ನೆಟ್ಟಿನ ಹಾಡು ನುಡಿಸುವ ಸ್ಟ್ರೀಮರ್, ಡಿಜಿಟಲ್ ಸಂಕೇತವನ್ನು ಧ್ವನಿಸಂಕೇತವಾಗಿಸುವ ಡ್ಯಾಕ್ ಇವುಗಳ ಅಡಿಯ ಹಲಗೆ ಸ್ವಲ್ಪ ಅಲುಗಿದರೆ ಕಿವಿಗೆ ಗೊತ್ತಾಗುವಂಥದ್ದು ಏನೂ ಇಲ್ಲ. ಆ ದುಡ್ಡನ್ನು ಒಳ್ಳೆಯ ಪ್ಲೈವುಡ್‌ಗೆ ಹಾಕಿ.

ಅಂಗಡಿಗೆ ಹೋಗುವ ಮೊದಲು, ಅಥವಾ ಮರಗೆಲಸದ ಆಚಾರಿಯನ್ನು ಕರೆಸುವ ಮೊದಲು, ಟೇಪ್ ಹಿಡಿದು ಅಳೆಯಿರಿ. ಮನೆಯ ಆಡಿಯೋ ಉಪಕರಣಗಳ ಅಗಲ ಹೆಚ್ಚುಕಡಿಮೆ 430 ಮಿಮೀ, ಅಂದರೆ 17 ಇಂಚು. ಟರ್ನ್‌ಟೇಬಲ್ ಇನ್ನೂ ಸ್ವಲ್ಪ ಅಗಲ. ಟೆಕ್ನಿಕ್ಸ್ ಎಸ್‌ಎಲ್-1200 ಆದರೆ 453 ಮಿಮೀ. ಅಗಲದಲ್ಲಿ ಯಾರೂ ಎಡವುವುದಿಲ್ಲ, ಎಡವುವುದು ಆಳದಲ್ಲಿ. ಕ್ಯಾಟಲಾಗಿನಲ್ಲಿ 380 ಮಿಮೀ ಎಂದು ಬರೆದ ಎವಿ ರಿಸೀವರಿನ (ಟಿವಿಗೂ ಸ್ಪೀಕರಿಗೂ ಜೋಡಿಸುವ ಆಂಪ್ಲಿಫೈಯರಿನ) ಬೆನ್ನಿಗೆ ಎಚ್‌ಡಿಎಂಐ ಪ್ಲಗ್, ಸ್ಪೀಕರ್ ತಂತಿಯ ಬನಾನಾ ಪ್ಲಗ್, ಆ ಕೇಬಲ್‌ಗಳು ಮುರಿಯದಂತೆ ಬಾಗಲಿಕ್ಕೆ ಜಾಗ ಎಲ್ಲ ಸೇರಿ ಇನ್ನೊಂದು 75 ಮಿಮೀ ಬೇಕು. 400 ಮಿಮೀ ಆಳದ ಟಿವಿ ಯೂನಿಟ್‌ಗೆ ಅದನ್ನು ತುರುಕಿದರೆ ಎಚ್‌ಡಿಎಂಐ ಪ್ಲಗ್ ಗೋಡೆಗೆ ಒತ್ತಿಕೊಂಡು ಒಳಗಿನ ಬೋರ್ಡಿನ ಬೆಸುಗೆ ಬಿಡುತ್ತದೆ. ಒಂದೋ ಒಳ ಆಳ 455 ಇರಬೇಕು, ಇಲ್ಲವೇ ಹಿಂಬದಿ ಪೂರ್ತಿ ತೆರೆದಿರಬೇಕು.

ಸೌಂಡ್ಸ್‌ನವರು ಕಾರ್ಯಕ್ರಮಕ್ಕೆ ತರುವ 19 ಇಂಚಿನ ಕಪ್ಪು ಪೆಟ್ಟಿಗೆಯ ರ‍್ಯಾಕ್ ಮನೆಗೂ ಆಗುತ್ತದೆಯೇ ಎಂದು ಕೇಳುವವರು ಉಂಟು. ಅದರ ಮುಂಪಟ್ಟಿಯ ಅಗಲ 482.6 ಮಿಮೀ, ಎತ್ತರದ ಒಂದು ಯೂನಿಟ್ ಅಂದರೆ 44.45 ಮಿಮೀ, ಕಂಬಗಳ ನಡುವೆ ತೆರವು ಸುಮಾರು 450 ಮಿಮೀ. ಶೆಲ್ಫ್ ತಟ್ಟೆ ಹಾಕಿದರೆ ಮನೆಯ ಆಂಪ್ಲಿಫೈಯರ್ ಒಳಗೆ ಕೂರುತ್ತದೆ, ಎರಡು ಬದಿಯಲ್ಲಿ ಉಳಿಯುವುದು ಮಾತ್ರ ಹತ್ತತ್ತು ಮಿಲಿಮೀಟರು. ಅದು ಲಾರಿಯಲ್ಲಿ ಸಾಗಿಸಲಿಕ್ಕೆ ಮಾಡಿದ ವಸ್ತು, ಬದಿಯೆಲ್ಲ ಮುಚ್ಚಿರುತ್ತದೆ. ಒಳಗೆ ಫ್ಯಾನ್ ಇಲ್ಲದ ಮನೆಬಳಕೆಯ ಆಂಪ್ಲಿಫೈಯರಿಗೆ ಸರಿಹೋಗುವುದಿಲ್ಲ.

ಇನ್ನು ವಸ್ತು. ಆನ್‌ಲೈನಿನಲ್ಲಿ ಸಿಗುವ ರ‍್ಯಾಕ್‌ಗಳಲ್ಲಿ ಬಹುಪಾಲು ಮರದ ಚೂರನ್ನು ಅಂಟಿನಲ್ಲಿ ಒತ್ತಿದ ಪಾರ್ಟಿಕಲ್ ಬೋರ್ಡ್, ಸ್ವಲ್ಪ ಮೇಲಿನವು ಮರದ ನಾರನ್ನು ಒತ್ತಿದ ಎಂಡಿಎಫ್. ಎರಡರ ಮೇಲ್ಮೈಗೂ ಲ್ಯಾಮಿನೇಟ್ ಇರುವುದರಿಂದ ಅಲ್ಲಿ ತೇವ ಸುಲಭವಾಗಿ ಇಳಿಯುವುದಿಲ್ಲ. ಅದು ಒಳಹೋಗುವುದು ಅಂಚಿನಿಂದ: ಕೇಬಲ್‌ಗೆ ಕೊರೆದ ತೂತು, ನೆಲಕ್ಕೆ ತಾಗಿದ ಕಾಲು, ಎಡ್ಜ್ ಬ್ಯಾಂಡ್ ಬಿಟ್ಟ ಮೂಲೆ. ಆಟಿಯ (ಜುಲೈ-ಆಗಸ್ಟ್) ಮಳೆ ಮುಗಿಯುವ ಹೊತ್ತಿಗೆ ಆ ಕೇಬಲ್ ತೂತಿನ ಸುತ್ತ ಬೆರಳಾಡಿಸಿ ನೋಡಿ. ಉಂಗುರದಂತೆ ಒಂದು ಉಬ್ಬು ಸಿಗುತ್ತದೆ, ಉಗುರಲ್ಲಿ ಒತ್ತಿದರೆ ಹುಡಿ ಉದುರುತ್ತದೆ. ಒಮ್ಮೆ ಉಬ್ಬಿದ ಪಾರ್ಟಿಕಲ್ ಬೋರ್ಡ್ ಒಣಗಿದ ಮೇಲೂ ಹಿಂದಿನ ದಪ್ಪಕ್ಕೆ ಬರುವುದಿಲ್ಲ, ಅಲ್ಲಿ ಸ್ಕ್ರೂ ಹಿಡಿಯುವುದೂ ಇಲ್ಲ. ತಿರುಗಿಸಿ ಬಿಗಿಯುವ ಕ್ಯಾಮ್ ಲಾಕಿನ ಜೋಡಣೆಯದ್ದು ಇನ್ನೊಂದು ತಲೆನೋವು. ಮನೆ ಬದಲಿಸುವಾಗ ಒಮ್ಮೆ ಬಿಚ್ಚಿ ಮತ್ತೆ ಕೂಡಿಸಿದರೆ ತೂತು ಸಡಿಲಾಗಿ ಇಡೀ ರ‍್ಯಾಕ್ ಪಕ್ಕಕ್ಕೆ ಓಲಾಡಲು ಶುರುವಾಗುತ್ತದೆ.

ಮಾಡಿಸುವುದಾದರೆ ಪ್ಲೈವುಡ್ಡಿನಲ್ಲಿ ಎರಡು ನಂಬರ್ ನೆನಪಿಡಿ. ಐಎಸ್ 303ರ ಬಿಡಬ್ಲ್ಯೂಆರ್ (ಕುದಿನೀರು ತಡೆಯುವ) ದರ್ಜೆ, ಐಎಸ್ 710ರ ಮರೈನ್ ದರ್ಜೆ. ಒಳಕೋಣೆಯ ರ‍್ಯಾಕ್‌ಗೆ ಬಿಡಬ್ಲ್ಯೂಆರ್ ಸಾಕಾಗುತ್ತದೆ. ಮಲ್ಪೆ, ಸುರತ್ಕಲ್, ಉಳ್ಳಾಲದಂಥ ಕಡಲ ಬದಿಯ ಮನೆ, ಅಥವಾ ಮಳೆಗೆ ಗೋಡೆ ನೆನೆಯುವ ನೆಲಮಾಳಿಗೆ ಆದರೆ 710 ತೆಗೆದುಕೊಳ್ಳಿ. ಹಾಳೆಯ ಮೇಲೆ ಐಎಸ್‌ಐ ಮುದ್ರೆಯೊಟ್ಟಿಗೆ ಈ ನಂಬರ್ ಅಚ್ಚಾಗಿರಬೇಕು. ಬಿಲ್ಲಿನಲ್ಲಿ ಬರೆದುಕೊಟ್ಟರೆ ಸಾಲದು, ಕತ್ತರಿಸುವ ಮೊದಲೇ ಹಾಳೆಯನ್ನು ನೋಡಿ. ಮೈಕಾ ಹಾಕಿಸುವುದಾದರೆ ಹಲಗೆಯ ಎರಡೂ ಮುಖಕ್ಕೆ ಹಾಕಿಸಬೇಕು. ಕೆಳಗೆ ಕಾಣುವುದಿಲ್ಲವಲ್ಲ ಎಂದು ಒಂದೇ ಬದಿಗೆ ಅಂಟಿಸಿದರೆ ಇನ್ನೊಂದು ಬದಿ ತೇವ ಎಳೆದುಕೊಂಡು ಹಲಗೆ ದೋಣಿಯಂತೆ ಬಾಗುತ್ತದೆ. ಕತ್ತರಿಸಿದ ಅಂಚು, ಕೇಬಲ್ ತೂತಿನ ಒಳಮೈ ಎಲ್ಲದಕ್ಕೂ ಪಿಯು ಪಾಲಿಶ್ ಎರಡು ಕೋಟ್. ಇದು ಹತ್ತು ನಿಮಿಷದ ಕೆಲಸ. ಹೇಳದಿದ್ದರೆ ಯಾರೂ ಮಾಡುವುದಿಲ್ಲ.

ಮರವೇ ಬೇಕು ಎನ್ನುವವರಿಗೆ ನಮ್ಮಲ್ಲಿ ಆಯ್ಕೆಗೆ ಬರಗಾಲವಿಲ್ಲ. ಸಾಗುವಾನಿ, ಹಲಸು, ಹೆಬ್ಬಲಸು ಮೂರೂ ಈ ಹವೆಗೆ ಪಳಗಿದ ಮರಗಳು. ಹಳೆಯ ಹಂಚಿನ ಮನೆ ಬಿಚ್ಚುವಾಗ ಸಿಗುವ ತೊಲೆ, ಪಕ್ಕಾಸು ಇನ್ನೂ ಒಳ್ಳೆಯದು, ಒಣಗಿ ಕೂತಿರುತ್ತದೆ. ಮೊಳೆ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ, ಇಲ್ಲದಿದ್ದರೆ ಮಿಲ್ಲಿನವರ ಬ್ಲೇಡ್ ಹೋಗುತ್ತದೆ. ಅಗಲ ಹಲಗೆಯನ್ನು ಎರಡೂ ಅಂಚಿಗೆ ಬಿಗಿಯಾಗಿ ಸ್ಕ್ರೂ ಹೊಡೆದು ಕೂರಿಸಬೇಡಿ. ಮರ ಮಳೆಗಾಲಕ್ಕೆ ಅಡ್ಡಕ್ಕೆ ಹಿಗ್ಗುತ್ತದೆ, ಎಸಿ ಕೋಣೆಯಲ್ಲಿ ಕುಗ್ಗುತ್ತದೆ. ಒಂದು ಬದಿಯ ಸ್ಕ್ರೂ ತೂತನ್ನು ಉದ್ದಕ್ಕೆ ಕೊರೆದರೆ ಸೀಳು ಬರುವುದಿಲ್ಲ.

ಕಬ್ಬಿಣದ ಚೌಕಟ್ಟಿಗೆ 25×25 ಮಿಮೀ ಚೌಕ ಪೈಪ್, 1.6 ಮಿಮೀ ದಪ್ಪದ್ದು ಸಾಕು. ಬೈಕಂಪಾಡಿಯಲ್ಲಿ, ಯೆಯ್ಯಾಡಿಯಲ್ಲಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಇಂಥ ಫ್ಯಾಬ್ರಿಕೇಶನ್ ಕೆಲಸ ಆಗುತ್ತದೆ. ಪೌಡರ್ ಕೋಟಿಂಗ್ ಹೊರಮೈಯನ್ನು ಕಾಯುತ್ತದೆ, ಪೈಪಿನ ಒಳಮೈಯನ್ನಲ್ಲ. ತೆರೆದ ತುದಿಯಿಂದ ಉಪ್ಪುಗಾಳಿ ಒಳಗೆ ಹೋಗಿ ಅಲ್ಲಿಂದ ತುಕ್ಕು ಶುರುವಾಗುತ್ತದೆ, ಮಂದವಾದ ಕಂದು ನೀರು ಟೈಲ್ಸ್ ಮೇಲೆ ಇಳಿದಾಗಲೇ ನಮಗೆ ಗೊತ್ತಾಗುವುದು. ಪ್ರತಿ ತುದಿಗೂ ತಗಡು ಬೆಸೆದು ಮುಚ್ಚಿಸಿ, ಕೊರೆಯುವ ತೂತುಗಳನ್ನೆಲ್ಲ ಕೋಟಿಂಗ್‌ಗೆ ಮೊದಲೇ ಕೊರೆಸಿ. ಕೋಟಿಂಗ್ ಆದ ಮೇಲೆ ಕೊರೆದ ಒಂದೇ ಒಂದು ತೂತಿನಿಂದ ಪದರ ಏಳುತ್ತಾ ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ 304 ಕೂಡ ಕಡಲ ಬದಿಯಲ್ಲಿ ಚಹಾ ಕಲೆಯಂಥ ಚುಕ್ಕೆ ಹಿಡಿಯುತ್ತದೆ. ಆ ಚುಕ್ಕೆ ನೋಟಕ್ಕೆ ಮಾತ್ರ ಕೆಟ್ಟದು, ಬಲಕ್ಕೇನೂ ಕುಂದಿಲ್ಲ.

ಗಾಜಿನ ಶೆಲ್ಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 8 ಮಿಮೀ ಟಫನ್ಡ್ ಆದರೆ ಆಂಪ್ಲಿಫೈಯರ್ ಹೊರುತ್ತದೆ. ಟರ್ನ್‌ಟೇಬಲ್ ಅದರ ಮೇಲೆ ಬೇಡ. ಸೊಳ್ಳೆಬತ್ತಿಯ ಹೊಗೆ, ಉಪ್ಪಿನ ಪಸೆ ಎರಡೂ ಸೇರಿ ಅಂಟಿಕೊಂಡರೆ ದಿನಾ ಒರೆಸುವ ಕೆಲಸ ನಿಮ್ಮದು.

ಹಲಗೆಯ ದಪ್ಪಕ್ಕೆ ಲೆಕ್ಕ ಉಂಟು. ಒಂದೇ ಭಾರಕ್ಕೆ, ಆಧಾರಗಳ ನಡುವಿನ ಅಂತರ ಅರ್ಧವಾದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದಪ್ಪವನ್ನು 18ರಿಂದ 25 ಮಿಮೀಗೆ ಏರಿಸಿದರೆ ಇಳಿಯುವುದು ಸುಮಾರು ಮೂರರಲ್ಲಿ ಒಂದು ಪಾಲಿಗೆ. ಅಂದರೆ ದಪ್ಪ ಹಲಗೆಗೆ ದುಡ್ಡು ಸುರಿಯುವ ಬದಲು ನಡುವೆ ಒಂದು ನಿಲುವು ಹಲಗೆ ಕೊಡುವುದೇ ಜಾಣತನ. ಎಲ್‌ಪಿ ರೆಕಾರ್ಡ್ ಇಡುವವರಿಗೆ ಇದು ಮುಖ್ಯ. ಕವರಿನ ಅಳತೆ 315 ಮಿಮೀ, ಹಾಗಾಗಿ ಒಳ ಎತ್ತರ 340 ಬೇಕು. ಒಂದಡಿ ಉದ್ದದ ಸಾಲಿನಲ್ಲಿ ಎಪ್ಪತ್ತರಷ್ಟು ರೆಕಾರ್ಡ್, ತೂಕ 16-17 ಕೆಜಿ. ಮೂರಡಿಯ ಸಾಲೆಂದರೆ 50 ಕೆಜಿಯ ಅಕ್ಕಿ ಮೂಟೆ ಇಟ್ಟ ಲೆಕ್ಕ. ನಡುವೆ ಆಧಾರವಿಲ್ಲದ 18 ಮಿಮೀ ಹಲಗೆ ಮೊದಲ ದಿನವೇ ನಾಲ್ಕು ಮಿಲಿಮೀಟರ್ ಜೋಲುತ್ತದೆ, ಮಳೆಗಾಲ ಕಳೆದಂತೆ ಇನ್ನಷ್ಟು. ರೆಕಾರ್ಡ್ ಇಡುವ ಅಂಕಣ 520 ಮಿಮೀ ಮೀರದಿರಲಿ.

ಟರ್ನ್‌ಟೇಬಲ್, ಇಂಟಿಗ್ರೇಟೆಡ್ ಆಂಪ್ಲಿಫೈಯರ್, ಸಿಡಿ ಅಥವಾ ಸ್ಟ್ರೀಮರ್, ಒಂದಷ್ಟು ರೆಕಾರ್ಡ್: ಇಷ್ಟಕ್ಕೆ ಹೊಂದುವ ಒಂದು ಅಳತೆ ಹೇಳುತ್ತೇನೆ, ಆಚಾರಿಗೆ ಹೀಗೇ ಬರೆದುಕೊಡಬಹುದು. ಹೊರ ಅಗಲ 600, ಕಂಬ 40×40, ಒಳ ಅಗಲ 520, ಆಳ 450 ಮಿಮೀ. ನೆಲದಿಂದ ಮೊದಲ ಹಲಗೆಗೆ 100 ಮಿಮೀ ಬಿಡಿ. ನೆಲ ಒರೆಸುವ ನೀರು ತಾಗಬಾರದು, ಕೈ ಹಾಕಿ ಗೆದ್ದಲು ಬಂದಿದೆಯೇ ನೋಡುವಂತಿರಬೇಕು. ಅದರ ಮೇಲೆ ರೆಕಾರ್ಡಿಗೆ 350. ಈ ಭಾರ ತಳದಲ್ಲಿದ್ದರೆ ರ‍್ಯಾಕ್ ಮಗುಚುವ ಹೆದರಿಕೆಯೂ ಇಲ್ಲ. ಅದರ ಮೇಲಿನ ಅಂಕಣ 300, ಆಂಪ್ಲಿಫೈಯರಿಗೆ. ಮತ್ತೆ 160, ಸಿಡಿ ಪ್ಲೇಯರಿಗೆ. ಎಲ್ಲಕ್ಕಿಂತ ಮೇಲೆ ಟರ್ನ್‌ಟೇಬಲ್. ನಾಲ್ಕು ಹಲಗೆ 18 ಮಿಮೀಯಂತೆ ಸೇರಿಸಿದರೆ ಒಟ್ಟು ಎತ್ತರ 982. ನಿಂತು ರೆಕಾರ್ಡ್ ಹಾಕಲು ಬೆನ್ನು ಬಗ್ಗಿಸಬೇಕಿಲ್ಲ. ಮುಚ್ಚಳ ತೆರೆಯಲು ಮೇಲೆ ಇನ್ನೂ 400 ಮಿಮೀ ಖಾಲಿ ಬೇಕು, ಆ ಜಾಗದಲ್ಲಿ ದೇವರ ಪಟವೋ ಗಡಿಯಾರವೋ ಇದ್ದರೆ ಮೊದಲೇ ಸರಿಸಿ.

ಬಿಸಿ ಮೇಲೇರುತ್ತದೆ, ಆದ್ದರಿಂದ ಟರ್ನ್‌ಟೇಬಲ್ ಇಲ್ಲದ ಮನೆಯಲ್ಲಿ ಆಂಪ್ಲಿಫೈಯರಿನ ಜಾಗ ತುದಿಯ ಹಲಗೆ. ಟರ್ನ್‌ಟೇಬಲ್ ಇದ್ದರೆ ಅದರ ನೇರ ಕೆಳಗೆ ಆಂಪ್ಲಿಫೈಯರ್ ಬರಬಾರದು. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ಸೂಜಿಯನ್ನು ಹೊತ್ತ ಮ್ಯಾಗ್ನೆಟ್ ಕಾರ್ಟ್ರಿಜ್ ಹಿಡಿದು 50 ಹರ್ಟ್ಸ್‌ನ ಗುಂಯ್ ಶಬ್ದ ಕೊಡುತ್ತದೆ. ನಡುವೆ ಸಿಡಿ ಪ್ಲೇಯರಿನ ಅಂಕಣ ಇಟ್ಟದ್ದು ಇದಕ್ಕೇ. ಸೂಜಿಯ ತೋಳು ಚಲಿಸುವುದು ಬಲಬದಿಯಲ್ಲಿ. ಆಂಪ್ಲಿಫೈಯರನ್ನು ಎಡಕ್ಕೆ ಸರಿಸಿ ನೋಡಿ, ಗುಂಯ್ ಕಡಿಮೆಯಾದರೆ ಕಾರಣ ಖಚಿತವಾಯಿತು. ಎಷ್ಟು ಸರಿಸಿದರೂ ಏನೂ ಬದಲಾಗದಿದ್ದರೆ ಅದು ಹೆಚ್ಚಾಗಿ ಅರ್ಥಿಂಗ್ ತಂತಿಯ ಸಮಸ್ಯೆ, ರ‍್ಯಾಕಿನದ್ದಲ್ಲ.

ಎಬಿ ಕ್ಲಾಸ್ ಆಂಪ್ಲಿಫೈಯರ್ ಹಾಡಿಲ್ಲದೆ ಸುಮ್ಮನೆ ಆನ್ ಇದ್ದರೂ ಹತ್ತಾರು ವ್ಯಾಟ್ ಬಿಸಿಯಾಗಿ ಹೊರಬಿಡುತ್ತದೆ. ಮೇಲೆ 100-120 ಮಿಮೀ, ಎರಡು ಬದಿಗೆ ಒಂದೂವರೆ ಇಂಚಾದರೂ ಖಾಲಿ ಬೇಕು. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯ ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಅರ್ಧಕ್ಕಿಳಿಯುತ್ತದೆ ಎಂಬುದು ರಿಪೇರಿಯವರೆಲ್ಲ ಹೇಳುವ ಲೆಕ್ಕ. ಮೇ ತಿಂಗಳಲ್ಲಿ ಕೋಣೆಯೇ 33-34 ಡಿಗ್ರಿ ಇರುವಾಗ ಗಾಜಿನ ಬಾಗಿಲಿನ ಶೋಕೇಸಿನೊಳಗೆ ರಿಸೀವರ್ ಮುಚ್ಚಿಟ್ಟರೆ ಅರ್ಧ ಸಿನಿಮಾಕ್ಕೆ ಪ್ರೊಟೆಕ್ಷನ್ ಬಿದ್ದು ಆಫ್ ಆಗುವುದರಲ್ಲಿ ಆಶ್ಚರ್ಯವಿಲ್ಲ. ಇಂಟೀರಿಯರ್ ಮಾಡುವವರು ಬಾಗಿಲು ಬೇಕೇ ಬೇಕೆಂದರೆ ಹಿಂಬದಿಯ ಹಲಗೆ ತೆಗೆಸಿ, ಕೆಳಗೆ ಗಾಳಿ ಬರಲು ತೆರವು ಮಾಡಿಸಿ, ಮೇಲ್ತುದಿಯಲ್ಲಿ 120 ಮಿಮೀ ಕಂಪ್ಯೂಟರ್ ಫ್ಯಾನ್ ಎರಡು ಕೂರಿಸಿ. 12 ವೋಲ್ಟಿನ ಫ್ಯಾನನ್ನು 7 ವೋಲ್ಟಿನಲ್ಲಿ ಓಡಿಸಿದರೆ ಸದ್ದು ಕೇಳುವುದಿಲ್ಲ. ಫ್ಯಾನ್ ಗಾಳಿಯನ್ನು ಹೊರಗೆ ಎಳೆಯಬೇಕು. ತಿರುಗಿಸಿ ಕೂರಿಸಿದರೆ ಬಿಸಿ ಅಲ್ಲೇ ಸುತ್ತುತ್ತದೆ.

ರ‍್ಯಾಕ್ ಯಾವ ಗೋಡೆಗೆ ಎಂಬುದೂ ಆಯ್ಕೆಯ ಭಾಗವೇ. ನಮ್ಮಲ್ಲಿ ಮಳೆ ಹೊಡೆಯುವುದು ನೈಋತ್ಯದಿಂದ, ಪಡುವಣ ಮತ್ತು ತೆಂಕಣ ಹೊರಗೋಡೆಗಳು ಜುಲೈ ಹೊತ್ತಿಗೆ ಒಳಗಿನಿಂದಲೂ ತಣ್ಣಗೆ ಒದ್ದೆ. ಅಲ್ಲಿ ಇಟ್ಟ ರೆಕಾರ್ಡಿನ ಕವರಿಗೆ ಮೊದಲು ಬೂಷ್ಟು ಹಿಡಿಯುವುದು ಗೋಡೆ ಕಡೆಯ ಅಂಚಿಗೆ. ಒಳಗೋಡೆಗೆ ಇಡಿ, 100 ಮಿಮೀ ಅಂತರ ಬಿಡಿ. ಜಾಗವಿಲ್ಲದವರು ಬ್ರೇಕ್ ಇರುವ 50 ಮಿಮೀ ಚಕ್ರ ಹಾಕಿಸಿ, ಎಳೆದು ಹಿಂದೆ ಒರೆಸಬಹುದು; ಟರ್ನ್‌ಟೇಬಲ್ ಇರುವ ರ‍್ಯಾಕ್‌ಗೆ ಮಾತ್ರ ಚಕ್ರ ಬೇಡ. ಆಂಪ್ಲಿಫೈಯರನ್ನು ದಿನಾ ಒಂದು ಗಂಟೆ ಓಡಿಸುವುದು ಸಿಲಿಕಾ ಜೆಲ್ ಪೊಟ್ಟಣಕ್ಕಿಂತ ಒಳ್ಳೆಯ ಮದ್ದು. ಇನ್ನೊಂದು ಸಣ್ಣ ಕಿರಿಕಿರಿ: ಉಪಕರಣದ ರಬ್ಬರ್ ಪಾದ ಸೆಖೆಗೆ ಪಾಲಿಶ್ ಮಾಡಿದ ಮರಕ್ಕೆ ಅಂಟಿ, ಎತ್ತುವಾಗ ಪಾಲಿಶ್ ಸಮೇತ ಕಿತ್ತು ಬರುತ್ತದೆ. 2 ಮಿಮೀ ಕಾರ್ಕ್ ತುಂಡು ಅಡಿಗಿಟ್ಟರೆ ಮುಗಿಯಿತು.

ಈಗ ಕಂಪನ. ಟೆರೇಸ್ ಮನೆಯ ಕಾಂಕ್ರೀಟ್ ನೆಲದ ಮೇಲೆ ನಡೆದರೆ ಸೂಜಿ ಹಾರುವುದು ಅಪರೂಪ. ಮರದ ಮುಚ್ಚಿಗೆಯ ಉಪ್ಪರಿಗೆ ಇರುವ ಹಳೆಯ ಹಂಚಿನ ಮನೆಯಲ್ಲಿ ಮಾತ್ರ ಮಗು ಓಡಿದರೂ ಸೂಜಿ ಹಾರುತ್ತದೆ. ಅಂಥಲ್ಲಿ ಜನ ಮೊದಲು ಮಾಡುವುದು ರಬ್ಬರ್ ಪ್ಯಾಡ್ ಖರೀದಿ, ಅದರಿಂದ ಪ್ರಯೋಜನವಿಲ್ಲ. ಲೆಕ್ಕ ನೋಡಿ: ಮೆತ್ತನೆಯ ಪಾದ ಭಾರಕ್ಕೆ ಎಷ್ಟು ಮಿಲಿಮೀಟರ್ ಕುಸಿಯುತ್ತದೆಯೋ ಅದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಆ ಜೋಡಣೆಯ ಸಹಜ ಕಂಪನಸಂಖ್ಯೆ ಹರ್ಟ್ಸ್‌ನಲ್ಲಿ ಸಿಗುತ್ತದೆ. ಅರ್ಧ ಮಿಲಿಮೀಟರ್ ಕುಸಿಯುವ ಪ್ಯಾಡಿಗೆ ಅದು 22 ಹರ್ಟ್ಸ್. ತಡೆಯುವ ಕೆಲಸ ಶುರುವಾಗುವುದೇ ಅದರ 1.4 ಪಟ್ಟು ಮೇಲೆ, ಅಂದರೆ 31 ಹರ್ಟ್ಸ್ ನಂತರ. ಹೆಜ್ಜೆಯ ಕಂಪನ ಇರುವುದು ಅದಕ್ಕಿಂತ ಎಷ್ಟೋ ಕೆಳಗೆ. 5 ಹರ್ಟ್ಸ್‌ಗೆ ಇಳಿಸಲು 10 ಮಿಮೀ ಕುಸಿಯುವ ಸ್ಪ್ರಿಂಗ್ ಬೇಕು. ನಡುವೆ 8-12 ಹರ್ಟ್ಸ್‌ನಲ್ಲಿ ನಿಂತರಂತೂ ಕೆಟ್ಟಿತು, ತೋಳು ಮತ್ತು ಕಾರ್ಟ್ರಿಜ್‌ನ ಅನುರಣನ ಇರುವುದು ಅಲ್ಲೇ.

ಮರದ ನೆಲಕ್ಕೆ ಸರಿಯಾದ ಉತ್ತರ ಗೋಡೆಯ ಶೆಲ್ಫ್. ಗೋಡೆ ಕೆಂಪು ಕಲ್ಲಿನದ್ದಾದರೆ ಕೊರೆಯುವ ರೀತಿ ಬೇರೆ. ಕಲ್ಲು ಮೃದು, ಒಳಗೆಲ್ಲ ತೂತು. ಕಾಂಕ್ರೀಟಿಗೆ ಹಾಕುವ ಅಗಲಿಸುವ ಆಂಕರ್ ಬೋಲ್ಟ್ ಬಿಗಿದಂತೆ ಕಲ್ಲೇ ಪುಡಿಯಾಗಿ ತಿರುಗತೊಡಗುತ್ತದೆ. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ಗಾರೆಯ ಸಂದು ತಪ್ಪಿಸಿ ಕಲ್ಲಿನ ನಡುಭಾಗಕ್ಕೆ ಕೊರೆಯಿರಿ. 10 ಮಿಮೀ ದಪ್ಪ, 100 ಮಿಮೀ ಉದ್ದದ ನೈಲಾನ್ ಪ್ಲಗ್ ಹಾಕಿ. ಗೋಡೆಯ ಮೇಲೆ ಬಳಿದ ಗಾರೆಯ 15-20 ಮಿಮೀ ಉದ್ದವನ್ನು ಹಿಡಿತದ ಲೆಕ್ಕಕ್ಕೆ ಸೇರಿಸಬೇಡಿ. ಭಾರ ಹೆಚ್ಚಿದ್ದರೆ ಕೆಮಿಕಲ್ ಆಂಕರ್ (ಅಂಟಿನಲ್ಲಿ ಕೂರಿಸುವ ಬೋಲ್ಟ್), ಜಾಲರಿ ಕೊಳವೆಯ ಸಮೇತ. ಜಾಲರಿ ಇಲ್ಲದಿದ್ದರೆ ಅಂಟೆಲ್ಲ ಕಲ್ಲಿನ ತೂತುಗಳಿಗೆ ಹರಿದುಹೋಗುತ್ತದೆ. ಅಂಟು ಹಾಕುವ ಮೊದಲು ಸೈಕಲ್ ಪಂಪಿನಲ್ಲಿ ಕೆಂಪು ಹುಡಿ ಪೂರ್ತಿ ಊದಿ ತೆಗೆಯಿರಿ, ಹುಡಿಗೆ ಹಿಡಿದ ಅಂಟು ಹುಡಿಯೊಟ್ಟಿಗೇ ಕಿತ್ತು ಬರುತ್ತದೆ. ಬ್ರಾಕೆಟ್ಟಿನ ಗೋಡೆಗೆ ಅಂಟುವ ತೋಳು 300 ಮಿಮೀಯಾದರೂ ಇರಲಿ. ಅದು ಗಿಡ್ಡವಾದಷ್ಟೂ ಮೇಲಿನ ಸ್ಕ್ರೂಗಳ ಎಳೆತ ಹೆಚ್ಚು. ಸ್ಪೀಕರ್ ಒರಗಿದ ಗೋಡೆಗೆ ಈ ಶೆಲ್ಫ್ ಬೇಡ.

ಕಾಂಕ್ರೀಟ್ ನೆಲದವರಿಗೆ ಉಳಿಯುವ ತೊಂದರೆ ಸ್ಪೀಕರಿನ ಬಾಸ್ ಗಾಳಿಯ ಮೂಲಕ, ರ‍್ಯಾಕಿನ ಮೂಲಕ ಸೂಜಿಗೆ ಮರಳುವುದು. ಪರೀಕ್ಷೆ ಸುಲಭ. ತಿರುಗದ ರೆಕಾರ್ಡಿನ ಮೇಲೆ ಸೂಜಿ ಇಳಿಸಿ, ವಾಲ್ಯೂಮ್ ನಿಧಾನವಾಗಿ ಏರಿಸಿ. ನೀವು ಕೇಳುವ ಮಟ್ಟಕ್ಕಿಂತ ಸಾಕಷ್ಟು ಮೇಲೆ ಹೋಗುವವರೆಗೂ ಊಳುವ ಶಬ್ದ ಬರಬಾರದು. ಬಂದ ಕೂಡಲೇ ಇಳಿಸಿ, ಇಲ್ಲದಿದ್ದರೆ ವೂಫರಿಗೆ ಪೆಟ್ಟು. ಇದಕ್ಕೆ ಪ್ಯಾಡ್ ಉಪಯೋಗಕ್ಕೆ ಬರುತ್ತದೆ, ಮೇಲೆ ಭಾರ ಇದ್ದರೆ ಇನ್ನೂ ಹೆಚ್ಚು. ಅಡುಗೆಕಟ್ಟೆ ಮಾಡಿಸಿದ ಮನೆಯಲ್ಲಿ ಉಳಿದ ಗ್ರಾನೈಟ್ ತುಂಡು, 500×400×20 ಮಿಮೀ, ತೂಕ ಸುಮಾರು 11 ಕೆಜಿ. ನಾಲ್ಕು ಪ್ಯಾಡಿನ ಮೇಲೆ ಅದು, ಅದರ ಮೇಲೆ ಟರ್ನ್‌ಟೇಬಲ್. ರಸಮಟ್ಟವನ್ನು ರ‍್ಯಾಕಿನ ಹಲಗೆಯ ಮೇಲಲ್ಲ, ರೆಕಾರ್ಡ್ ಕೂರುವ ತಟ್ಟೆಯ (ಪ್ಲ್ಯಾಟರ್) ಮೇಲೇ ಎರಡು ದಿಕ್ಕಿಗೂ ಇಟ್ಟು ನೋಡಿ. ಹಳೆಯ ಕಾವಿ ನೆಲ ಸಮಮಟ್ಟ ಇರುವುದು ಕಡಿಮೆ. ಆ ನೆಲಕ್ಕೆ ಸ್ಪೈಕ್ ಚುಚ್ಚಿದರೆ ಗುಳಿ ಬೀಳುತ್ತದೆ, ವಿಟ್ರಿಫೈಡ್ ಟೈಲ್ಸ್ ಮೇಲೆ ಅದು ಜಾರುತ್ತದೆ. ಎರಡಕ್ಕೂ ಅಡಿಗೆ ಲೋಹದ ಬಿಲ್ಲೆ ಬೇಕು.

ಸ್ಪೀಕರ್ ಸ್ಟ್ಯಾಂಡಿನದ್ದು ಒಂದೇ ಮಾತು. ಬುಕ್‌ಶೆಲ್ಫ್ ಸ್ಪೀಕರಿನ ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ, 90-100 ಸೆಂಮೀಗೆ ಬರಬೇಕು. ಹಾಗಾಗಿ ಸ್ಟ್ಯಾಂಡ್ 60-70 ಸೆಂಮೀ. ಪೈಪಿನೊಳಗೆ ಮರಳು ತುಂಬುವುದಾದರೆ ಪಣಂಬೂರಿನಿಂದ ಚೀಲದಲ್ಲಿ ತರಬೇಡಿ. ಕಡಲ ಮರಳಿನ ಉಪ್ಪು ಗಾಳಿಯ ತೇವವನ್ನು ಎಳೆದು ಪೈಪನ್ನು ಒಳಗಿಂದಲೇ ತಿನ್ನುತ್ತದೆ. ತೊಳೆದ ಎಂ-ಸ್ಯಾಂಡ್ ಬಿಸಿಲಿಗೆ ಹರಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟದಷ್ಟು ಒಣಗಿದ ಮೇಲೆ ಉದ್ದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಪೈಪಿಗೆ ಇಳಿಸಿ. ಮುಕ್ಕಾಲು ಪೈಪ್ ಸಾಕು.

ಸಿಡಿಲಿನ ವಿಷಯ ರ‍್ಯಾಕಿಗೆ ಸೇರಿದ್ದಲ್ಲ ಎನಿಸಬಹುದು. ಏಪ್ರಿಲ್-ಮೇಯ ಸಂಜೆ, ಅಕ್ಟೋಬರಿನ ಸಂಜೆ ಗುಡುಗು ಶುರುವಾದಾಗ ಪ್ಲಗ್ ಕೀಳಲಿಕ್ಕೆ 80 ಕೆಜಿ ರ‍್ಯಾಕನ್ನು ಎಳೆಯಬೇಕಾದರೆ ಯಾರೂ ಕೀಳುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡನ್ನು ರ‍್ಯಾಕಿನ ಬದಿಯ ಕಂಬಕ್ಕೆ, ನೆಲದಿಂದ ಒಂದಡಿ ಮೇಲೆ ಸ್ಕ್ರೂ ಹಾಕಿ ಕೂರಿಸಿ, ಅದರ ಮುಖ್ಯ ಪ್ಲಗ್ ಕೈಗೆ ಸಿಗುವ ಗೋಡೆಯ ಸಾಕೆಟ್ಟಿಗೆ ಹೋಗಲಿ. ಸ್ಟ್ರೀಮರಿಗೆ ಬರುವ ಇಂಟರ್ನೆಟ್ ಕೇಬಲ್, ಡಿಶ್ ಕೇಬಲ್ ಕೂಡ ಅದೇ ಬದಿಗೆ ತನ್ನಿ. ಕರೆಂಟಿನ ಪ್ಲಗ್ ಮಾತ್ರ ಕಿತ್ತು ಆ ಎರಡನ್ನು ಬಿಟ್ಟರೆ ಸಿಡಿಲು ಅಲ್ಲಿಂದಲೇ ಬರುತ್ತದೆ.